ಗಡಿಗೆಗೆ ಮಧ್ಯಾಹ್ನದ ನೀರು

ಹುಮನಾಬಾದ್ ನಿಲ್ದಾಣದಿಂದ ಬಸವಕಲ್ಯಾಣದ ಬಸ್ಸು ಹೊರಟ ರಭಸಕ್ಕೆ, ನಿಂತಿದ್ದ ಒಬ್ಬ ಮನುಷ್ಯ ಆಯತಪ್ಪಿ ನೇರವಾಗಿ ರತ್ನಮಾಲಾಳ ತೊಡೆಯ ಮೇಲಿದ್ದ ಗಡಿಗೆಯ ಮೇಲೆ ಕೈಯೂರಿಬಿಟ್ಟ.

ಠಪ್!

ಇಡೀ ಬಸ್ಸು ತಿರುಗಿ ನೋಡಿತು. ಒಡೆದದ್ದು ಗಡಿಗೆ, ನೆತ್ತಿಗೇರಿದ್ದು ಅವಳ ಸಿಟ್ಟು.

"ಏನ್ ಮಾಡಿದ್ರಿ ಇದು..."

"ತಪ್ಪಾಯ್ತ್ರಿ. ಡ್ರೈವರ್ ಒಮ್ಮಿಗೇ ಎಳೆದುಬಿಟ್ಟ. ಇಲ್ಲೇ ಇಳಿದು ಇನ್ನೊಂದು ಗಡಿಗಿ ತಂದುಕೊಡ್ಲೇನ್ರಿ?"

"ಇದು ಸಂತಿ ಗಡಿಗಿ ಅಲ್ರಿ. ಗೋಡಿ ಎಷ್ಟು ದಪ್ಪ ಇರಬೇಕು ಅಂತ ಕುಂಬಾರಗ ಹೇಳಿ ಮಾಡಿಸಿದ್ದು. ನಿಮಗ ತಿಳಿಯಂಗಿಲ್ಲ, ಬಿಡ್ರಿ."

ಅವನು ಜನರ ಕಾಲ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಬರಿಗಾಲಿನ ಮುದುಕಿಯೊಬ್ಬಳಿಗೆ ಚುಚ್ಚದ ಹಾಗೆ ಒಂದೊಂದೇ ಚೂರು ಆರಿಸಿ ತನ್ನ ಟವೆಲ್ಲಿಗೆ ಹಾಕಿಕೊಂಡ. ಬಸ್ಸು ಅಷ್ಟು ಓಲಾಡುತ್ತಿದ್ದರೂ ಆ ಕೆಲಸ ಮುಗಿಯುವವರೆಗೆ ಎದ್ದು ನಿಲ್ಲಲಿಲ್ಲ.

ರತ್ನಮಾಲಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ನೋಡಬಾರದು ಅಂದುಕೊಂಡೇ ಎರಡು ಸಲ ನೋಡಿದಳು. ಸಿಟ್ಟು ಉಳಿಸಿಕೊಳ್ಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕಲ್ಲ... ಅದು ಅವಳಲ್ಲಿ ಬೇಸಗೆ ಶುರುವಾಗುವ ಮೊದಲೇ ಮುಗಿದುಹೋಗಿತ್ತು.

ಬಸವಕಲ್ಯಾಣದಲ್ಲಿ ಇಳಿದು, ಕಾಲೇಜಿನ ಮೆಟ್ಟಿಲು ಹತ್ತಿ, ಪ್ರಯೋಗಾಲಯದ ಬಾಗಿಲು ತಳ್ಳಿದರೆ ಒಳಗೆ ಅದೇ ಟವೆಲ್ಲು, ಅದೇ ಮನುಷ್ಯ!

"ಬಾ ರತ್ನಮಾಲಾ," ಎಂದರು ಅವಳ ಗೈಡ್ ನೂರೀನ್ ಮೇಡಮ್. "ಇವರು ಓಂಪ್ರಕಾಶ. ನಿರ್ಣಾದವರು. ಈ ಬೇಸಗಿಗೆ ನಿನ್ನ ಜೋಡಿ ಹಳ್ಳಿ ತಿರುಗಾಕ ಇವರ್ನ ತಗೊಂಡೀನಿ."

ಅವನು ಟವೆಲ್ಲನ್ನು ಬೆನ್ನ ಹಿಂದೆ ಮರೆಮಾಡಿದ. ಒಳಗಿನ ಚೂರುಗಳು ಸದ್ದು ಮಾಡಿ ಮಾನ ಕಳೆದವು. ನೂರೀನ್ ಮೇಡಮ್‌ಗೆ ಏನೂ ತಿಳಿಯಲಿಲ್ಲ. ರತ್ನಮಾಲಾಳಿಗೆ ಬೇಡವೆಂದರೂ ನಗು ಬಂತು.

ಅವಳ ಸಂಶೋಧನೆ ಇನ್ಸುಲಿನ್ನಿನ ಮೇಲೆ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಆ ಔಷಧ ತಂಪಿನಲ್ಲೇ ಇರಬೇಕು. "ಮಡಚಿಟ್ಟ ಸೀರಿ ಇದ್ದಂಗ್ರಿ ಅದು," ಎಂದು ಅವಳು ಹಳ್ಳಿಯ ಹೆಂಗಸರಿಗೆ ಹೇಳುತ್ತಿದ್ದಳು. "ಬಿಸಿ ತಾಗಿದ್ರ ಮಡಿಕಿ ಬಿಚ್ಚಿ ಗಂಟು ಗಂಟಾಗ್ತದ. ನೋಡಾಕ ಔಷಧ ಹಂಗ ಇರ್ತದ, ಮೈಯಾಗ ಕೆಲಸ ಮಾಡಂಗಿಲ್ಲ."

ಫ್ರಿಜ್ ಇಲ್ಲದ ಮನೆಗಳಿಗೆ ಅವಳು ಕೊಟ್ಟಿದ್ದು ಗಡಿಗೆಯೊಳಗೊಂದು ಗಡಿಗೆ. ನಡುವೆ ಉಸುಕು. ಉಸುಕಿಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಹಾಕಿದರೆ ಒಳಗಿನ ಸೀಸೆ ತಂಪು. ಗಡಿಗೆಯಲ್ಲಿ ಅಂಗಿ ಗುಂಡಿಯಷ್ಟು ಸಣ್ಣ ಯಂತ್ರವೊಂದು ಹಗಲೂ ರಾತ್ರಿ ಒಳಗಿನ ಬಿಸಿಯನ್ನು ಬರೆದಿಟ್ಟುಕೊಳ್ಳುತ್ತಿತ್ತು. ಬಡವರ ಮನೆಯಲ್ಲಿ, ಬೀದರ್ ಸೀಮೆಯ ಬಿಸಿಲಲ್ಲಿ, ಈ ಗಡಿಗೆ ಔಷಧ ಉಳಿಸುತ್ತದೆಯೇ? ಅವಳಿಗೆ ಬೇಕಿದ್ದ ಉತ್ತರ ಇಷ್ಟೇ.

ಹೋದ ವರ್ಷ ಯಂತ್ರಗಳು ಕೆಟ್ಟು ಬೇಸಗೆ ದಂಡವಾಗಿತ್ತು. ಈ ಬೇಸಗೆ ಮುಗಿಯುವ ಹೊತ್ತಿಗೆ ಅವಳ ಫೆಲೋಶಿಪ್ಪೂ ಮುಗಿಯುತ್ತಿತ್ತು. ಇದೂ ಕೈಕೊಟ್ಟರೆ ಇಷ್ಟು ವರ್ಷದ ಓದು ನೀರಲ್ಲಿ ಹೋಮ ಮಾಡಿದ ಹಾಗೆ.

ಏಪ್ರಿಲ್ ಬಂತು. ಇಬ್ಬರೂ ನಿರ್ಣಾ, ಮನ್ನಾಏಖೇಳ್ಳಿ, ಅವಳದೇ ಊರಾದ ದುಬಲಗುಂಡಿ ಎಂದು ಅಲೆದರು. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಓಂಪ್ರಕಾಶನ ಹಳೆಯ ಬೈಕು. ಅವನು ಮಾತು ಕಡಿಮೆ, ಕೆಲಸ ಜಾಸ್ತಿ. ಕುರಿ ಸಾಕುವ ಮನೆತನದವನು. ಬಿಸಿಲು ಅವನಿಗೆ ನೆಂಟನಿದ್ದ ಹಾಗೆ. ಅವಳಿಗೋ ಬಿಸಿಲೆಂದರೆ ಸಾಲ ಕೊಟ್ಟವನ ಹಾಗೆ; ದಿನಾ ಬಾಗಿಲಿಗೆ ಬಂದು ಕೂರುತ್ತಿತ್ತು.

ಒಂದು ದಿನ ಮನ್ನಾಏಖೇಳ್ಳಿಯ ಹೆದ್ದಾರಿ ಬದಿಯ ಹೋಟೆಲ್ಲಿನಲ್ಲಿ ಚಹಾದ ಲೋಟ ಹಿಡಿದೇ ಅವಳು ತೂಕಡಿಸಿದಳು. ಎಚ್ಚರವಾದಾಗ ಲೋಟ ಅವನ ಕೈಯಲ್ಲಿತ್ತು. ಚಹಾ ಚೆಲ್ಲದಂತೆ ಹಿಡಿದು ಸುಮ್ಮನೆ ಕೂತಿದ್ದ.

"ಎಬ್ಬಸಬಾರದೇನ್ರಿ..."

"ಭಾಳ ದಣದೀರಿ ಮೇಡಮ್. ಚಹಾ ಆರಿದ್ರ ಇನ್ನೊಂದು ಬರ್ತದ."

ಯಾರೂ ಹಾಗೆ ಹೇಳದೆ ಬಹಳ ಕಾಲವಾಗಿತ್ತು. ಊರಲ್ಲಿ ಎಲ್ಲರೂ ಕೇಳುತ್ತಿದ್ದುದು ಮದುವೆ ಯಾವಾಗ ಎಂದು. ಕಾಲೇಜಿನಲ್ಲಿ, ಪ್ರಬಂಧ ಯಾವಾಗ ಎಂದು. ಅವಳ ದಣಿವು ಕಂಡವನು ಇವನೊಬ್ಬ. ಆ ಸಲುಗೆಯಲ್ಲಿ, ಆ ಸುಸ್ತಿನಲ್ಲಿ, ಮನಸ್ಸಿನಲ್ಲಿದ್ದದ್ದು ಹೊರಗೆ ಬಂದುಬಿಟ್ಟಿತು.

"ಓಂಪ್ರಕಾಶ, ಈ ಸಲ ಗಡಿಗಿ ಬಿಸಿ ಆದ್ವು ಅಂದ್ರ ನನ್ನ ಕಥಿ ಮುಗೀತು ನೋಡ್ರಿ."

"ಆಗಂಗಿಲ್ರಿ," ಎಂದ ಅವನು. ಅಷ್ಟೇ ಎಂದ.

ಅವತ್ತಿನಿಂದ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ ಅವಳ ಕಣ್ಣು ಅವನನ್ನು ಹುಡುಕುತ್ತಿತ್ತು. 'ಇದೇನು ಹುಚ್ಚು ನಿನಗೆ' ಎಂದು ತನ್ನನ್ನೇ ಬೈದುಕೊಂಡಳು. ಬೈದರೆ ಕೇಳುವ ವಯಸ್ಸೇ ಅದು?

ಮೇ ತಿಂಗಳ ಒಂದು ಮಧ್ಯಾಹ್ನ. ನಿರ್ಣಾದಲ್ಲಿ ಧೂಳಮ್ಮನ ಮನೆ. ಧೂಳಮ್ಮ ಓಂಪ್ರಕಾಶನ ಕಡೆಯವಳೇ, ಕುರಿ ಕಾಯ್ದು ಕೂದಲು ಬೆಳ್ಳಗಾದ ಮುದುಕಿ; ಇವರು ಬರುತ್ತಾರೆಂದು ಅವತ್ತು ಮನೆಯಲ್ಲೇ ಇದ್ದಳು. ರತ್ನಮಾಲಾ ಗಡಿಗೆಯ ಮುಚ್ಚಳ ತೆಗೆದು, ಪರೀಕ್ಷೆಗೆಂದು ಸೀಸೆ ಬದಲಿಸಿ, ಯಂತ್ರ ನೋಡಿ ಹೊರಟಳು. "ನೀವು ಬಸ್ ಸ್ಟಾಂಡಿನ ಕಡೆ ನಡೀತಿರ್ರಿ, ನಾ ಬಂದೆ," ಎಂದ ಓಂಪ್ರಕಾಶ.

ಅರ್ಧ ದಾರಿಯಲ್ಲಿ ಕೊಡೆ ಮರೆತದ್ದು ನೆನಪಾಗಿ ಅವಳು ಹಿಂತಿರುಗಿದಳು. ಬಾಗಿಲ ಬಳಿಯೇ ಕಾಲು ನಿಂತವು.

ಒಳಗೆ ಓಂಪ್ರಕಾಶ ಚರಗಿ ಹಿಡಿದು, ಈಗಷ್ಟೇ ಅವಳು ಮುಟ್ಟಿದ ಗಡಿಗೆಯ ಸುತ್ತ ನೀರು ಸುರಿಯುತ್ತಿದ್ದ. ಧೂಳಮ್ಮ ಸೆರಗು ಹೊದ್ದು ನೋಡುತ್ತ ನಿಂತಿದ್ದಳು.

ರತ್ನಮಾಲಾಳ ಕಣ್ಣೆದುರು ಬಂದದ್ದು ಬೇರೆಯದೇ ಅಂಗಳ. ಶಾಲೆಗೆ ಹೋಗುವ ವಯಸ್ಸು. ಗೆಳತಿಯ ಮನೆಯಲ್ಲಿ ಬಾಯಾರಿ ನೀರಿನ ಗಡಿಗೆ ಮುಟ್ಟಿದ್ದಳು. ಗೆಳತಿಯ ಅಜ್ಜಿ ಬೈಯಲಿಲ್ಲ, ಹೊಡೆಯಲಿಲ್ಲ. ಚರಗಿ ತಂದು ಗಡಿಗೆಯ ಸುತ್ತ ನೀರು ಸುರಿದು, ಮುಟ್ಟಿದ ಮೈಲಿಗೆ ತೊಳೆದು, ಏನೂ ಆಗಿಲ್ಲವೆಂಬಂತೆ ಒಳಗೆ ಹೋಗಿದ್ದಳು. ಬೈದಿದ್ದರೆ ರತ್ನಮಾಲಾ ಮರೆತುಬಿಡುತ್ತಿದ್ದಳೇನೋ. ಬುದ್ಧ ವಿಹಾರದ ದಲಿತ ಓಣಿಯ ಅವಳಂಥ ಮಕ್ಕಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

'ಇವನೂನಾ...?'

ಒಂದು ಮಾತು ಕೇಳಬಹುದಿತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಆ ಉತ್ತರವನ್ನು ಅವನ ಬಾಯಿಂದ ಕೇಳುವ ಧೈರ್ಯ ಅವಳಿಗಿರಲಿಲ್ಲ. ಕೊಡೆಯನ್ನು ಅಲ್ಲೇ ಬಿಟ್ಟು, ಸುಡುವ ಬಿಸಿಲಲ್ಲಿ ಬಸ್ಸಿನ ಕಡೆ ನಡೆದಳು. ದಾರಿಯುದ್ದಕ್ಕೂ ಅತ್ತಳು.

ಮರುದಿನದಿಂದ ಅವಳ ಬಾಯಿಗೆ ಬೀಗ ಬಿತ್ತು.

"ಕೊಡಿ ಬಿಟ್ಟುಹೋಗಿದ್ರಿ ಮೇಡಮ್," ಎಂದು ಅವನು ತಂದುಕೊಟ್ಟ.

"ಅಲ್ಲಿಡ್ರಿ."

"ಏನಾಗ್ಯದ್ರಿ? ಮೈ ಆರಾಮ ಇಲ್ಲೇನು?"

"ಕೆಲಸದ ಮಾತು ಇದ್ರ ಹೇಳ್ರಿ. ಇಲ್ಲಂದ್ರ ಬ್ಯಾಡ."

ಅವನ ಮುಖ ಬಾಡಿತು. ಅವಳಿಗೆ ಅದನ್ನು ನೋಡಿ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇನ್ನು ಮುಂದೆ ಯಂತ್ರ ನೋಡುವ ದಿನ ತಾನೊಬ್ಬಳೇ ಹೋಗುತ್ತೇನೆಂದು ನೂರೀನ್ ಮೇಡಮ್‌ಗೆ ಹೇಳಿದಳು. ಒಬ್ಬಳೇ ಬಸ್ಸು ಹತ್ತಿದಳು, ಒಬ್ಬಳೇ ಸೀಸೆಯ ಡಬ್ಬಿ ಹೊತ್ತಳು. ಚಹಾ ಕುಡಿಯುವುದನ್ನೇ ಬಿಟ್ಟಳು. ಪ್ರೀತಿ ಹುಟ್ಟಿದ್ದು ಯಾವಾಗ ಎಂದು ಅವಳಿಗೆ ತಿಳಿದಿರಲಿಲ್ಲ. ಅದು ಇತ್ತು ಎಂಬುದು ಈ ನೋವಿನಿಂದಲೇ ತಿಳಿಯಿತು.

ಮುಂಗಾರಿನ ಮೊದಲ ಮೋಡ ಕಂಡಾಗ ಗಡಿಗೆಗಳ ಕೆಲಸ ಮುಗಿಯಿತು. ನೂರೀನ್ ಮೇಡಮ್ ಕಂಪ್ಯೂಟರಿನ ಮುಂದೆ ಕೂತು ಮಕ್ಕಳ ಹಾಗೆ ಹಿಗ್ಗಿದರು.

"ಇಷ್ಟು ಚಂದ ಫಲ ನಾ ನೋಡೇ ಇಲ್ಲ ರತ್ನಮಾಲಾ! ಎಲ್ಲಾ ಮನಿ ತಂಪು. ಎಲ್ಲಾ ಸೀಸಿ ಛಲೋ ಅವ. ನೀ ಗೆದ್ದಿ."

ರತ್ನಮಾಲಾ ಪರದೆಯ ಮೇಲಿನ ಗೆರೆಗಳನ್ನು ನೋಡಿದಳು. ನೋಡುತ್ತ ನೋಡುತ್ತ ಅವಳ ಬೆನ್ನಲ್ಲಿ ಚಳಿ ಹುಟ್ಟಿತು. ಸೂರ್ಯ ನೆತ್ತಿಗೆ ಬಂದ ಮೇಲೆ ಪ್ರತಿಯೊಂದು ಗೆರೆಯೂ ಒಮ್ಮೆ ಕೆಳಗಿಳಿಯುತ್ತಿತ್ತು. ಮೊದಲು ನಿರ್ಣಾ. ಸ್ವಲ್ಪ ಹೊತ್ತಿಗೆ ಮನ್ನಾಏಖೇಳ್ಳಿ. ಆಮೇಲೆ ದುಬಲಗುಂಡಿ. ದಿನಾ ಅದೇ ಸಾಲು... ಯಾರೋ ಒಬ್ಬರು ಊರಿಂದ ಊರಿಗೆ ಹೋದ ಹಾಗೆ.

ಆ ಹೊತ್ತಿನಲ್ಲಿ ಆ ಮನೆಗಳಲ್ಲಿ ಇರುವವರು ಯಾರು? ಎಲ್ಲರೂ ಕೆರೆ ಹೂಳೆತ್ತುವ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗಿರುತ್ತಾರೆ, ಇಲ್ಲವೇ ಕುರಿಯ ಹಿಂದೆ. ಮಧ್ಯಾಹ್ನ ನೀರು ಹಾಕುವವರೇ ಇಲ್ಲ.

"ಮೇಡಮ್, ನಾಳಿ ಬರ್ತೀನಿ. ಇದನ್ನ ಈಗೇ ಯಾರಿಗೂ ಕಳಸಬ್ಯಾಡ್ರಿ," ಎಂದು ಹೇಳಿ ಅವಳು ಬಸ್ಸು ಹಿಡಿದಳು.

ದುಬಲಗುಂಡಿಯ ಮನೆಯಲ್ಲಿ ಅವ್ವ ಕಾಂತಾಬಾಯಿ ತೊಗರಿ ಬೇಳೆ ಕೇರುತ್ತಿದ್ದಳು. ಅವ್ವನಿಗೂ ಸಕ್ಕರೆ ಕಾಯಿಲೆ, ಅವಳ ಔಷಧವೂ ಗಡಿಗೆಯಲ್ಲೇ. ಸ್ವಂತ ಮನೆಯೆಂದು ರತ್ನಮಾಲಾ ಅದನ್ನು ಸಂಶೋಧನೆಯ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಅವ್ವಾ, ಮಧ್ಯಾಹ್ನ ನಮ್ಮ ಓಣ್ಯಾಗ ಗಡಿಗಿಗೆ ನೀರು ಹಾಕೋರು ಯಾರು?"

"ಮತ್ಯಾರು? ನಿನ್ನ ಆ ನಿರ್ಣಾದ ಹುಡುಗ. ಬ್ಯಾಸಗಿ ತುಂಬಾ ಬಂದಾನ. ಮಂದಿ ಕೀಲಿ ನನ್ನ ಕೈಯಾಗೇ ಕೊಟ್ಟು ಹೋಗ್ತಿದ್ರು. ಒಂದೊಂದೇ ಮನಿ ತೆಗೆಸಿ, ನೀರು ಹಾಕಿ, ಗಾಡಿ ಹತ್ತಿ ಹೋಗ್ತಿದ್ದ."

ರತ್ನಮಾಲಾ ಗೋಡೆ ಹಿಡಿದು ಕೂತಳು.

"ನಮ್ಮ ಗಡಿಗಿಗೂ ಹಾಕ್ತಿದ್ದ," ಎಂದಳು ಅವ್ವ ಮೊರ ಕೆಳಗಿಟ್ಟು. "ಇದು ಲೆಕ್ಕಕ್ಕಿಲ್ಲೋ ಯಪ್ಪಾ ಅಂದೆ. ಲೆಕ್ಕಕ್ಕಿಲ್ಲ ಅಂದ್ರೂ ಸೂಜಿ ನಿಮಗ ಬೇಕಲ್ರಿ ಅವ್ವಾ ಅಂದ. ಇಲ್ಲೇ ಕುಂತು ನಮ್ಮ ರಂಜಣಗಿ ನೀರು ಕುಡದು, ಒಂದು ದಿನ ರೊಟ್ಟಿನೂ ಉಂಡು ಹೋದ. ನಿನಗ ಹೇಳಿಲ್ಲೇನು?"

"ಇಲ್ಲ."

"ನೀನು ಕೇಳಿಲ್ಲೇನು?"

ಅವನು ತೊಳೆದದ್ದು ಮೈಲಿಗೆಯಲ್ಲ! ಆ ಸಂತೋಷ ಎದೆ ತುಂಬುವ ಮೊದಲೇ ಇನ್ನೊಂದು ಸತ್ಯ ಬಂದು ಪಕ್ಕದಲ್ಲಿ ಕೂತಿತು. ಅವನು ಹಾಕಿದ ನೀರಿನಲ್ಲಿ ಅವಳ ಸಂಶೋಧನೆ ಕೊಚ್ಚಿಕೊಂಡು ಹೋಗಿತ್ತು. ಮನೆಯವರು ತಾವಾಗಿ ನೀರು ಹಾಕಿ ಔಷಧ ಉಳಿಸಿಕೊಳ್ಳಬಲ್ಲರೇ ಎಂಬುದಲ್ಲವೇ ಪ್ರಶ್ನೆ? ಉತ್ತರವನ್ನು ಅವನೇ ಬರೆದುಬಿಟ್ಟಿದ್ದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ.

ನಗಬೇಕೋ ಅಳಬೇಕೋ ತಿಳಿಯದೆ ಅವಳು ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ಬೆಳಿಗ್ಗೆ ಫೋನು ಮಾಡಿದಳು. "ಹುಮನಾಬಾದ್ ಬಸ್ ಸ್ಟಾಂಡಿಗೆ ಬರ್ರಿ. ಮಾತಾಡಾದು ಅದ."

ಅವನು ಅವಳಿಗಿಂತ ಮೊದಲೇ ಬಂದು ಕಲ್ಲು ಬೆಂಚಿನ ಮೇಲೆ ಕೂತಿದ್ದ. ಸೊರಗಿದ್ದ. ಅವಳು ಪಕ್ಕದಲ್ಲಿ ಕೂತಳು.

"ಗಡಿಗಿಗೆ ದಿನಾ ಮಧ್ಯಾಹ್ನ ನೀರು ಹಾಕಿದ್ರಿ?"

ಅವನ ಮುಖ ಅರಳಿತು. "ಗೊತ್ತಾತೇನ್ರಿ? ಆ ಹೊತ್ತಿಗೆ ಎಲ್ಲಾ ಮನಿಗೆ ಕೀಲಿ ಬಿದ್ದಿರ್ತಿತ್ತು ಮೇಡಮ್, ಓಣ್ಯಾಗ ಕೇಳಿ ತೆಗೆಸ್ತಿದ್ದೆ. ಉಸುಕು ಪೂರಾ ಒಣಗಿರ್ತಿತ್ತು. ಗಡಿಗಿ ಬಿಸಿ ಆದ್ರ ಕಥಿ ಮುಗೀತು ಅಂದಿದ್ರಿ... ನಾ ಇರ್ತಾ ಹ್ಯಾಂಗ ಮುಗಿಯಾಕ ಬಿಡ್ಲಿ?"

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಈ ಬಿಸಲಾಗ ಅಲಿಬ್ಯಾಡ ಅಂತಿದ್ರಿ."

ಅವಳು ನಿಧಾನವಾಗಿ, ಬೈಯದೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ಉಸುಕು ಒಣಗುವುದೇ ತನಗೆ ತಿಳಿಯಬೇಕಿತ್ತು ಎಂದಳು. ಒಣಗಿದರೆ ಬೇರೆ ಗಡಿಗೆ ಯೋಚಿಸುತ್ತಿದ್ದೆ ಎಂದಳು. ಅವನ ಮುಖ ಸ್ವಲ್ಪ ಸ್ವಲ್ಪವೇ ಬೂದಿಯಾಯಿತು.

"ಅಂದ್ರ... ಎಲ್ಲಾ ನಾನೇ ಹಾಳು ಮಾಡೇನಿ."

"ಹಾಳು ಮಾಡೀರಿ. ನಿಮಗ ಮೊದಲೇ ತಿಳಿಸಿ ಹೇಳಬೇಕಿತ್ತು, ನಾನೂ ಹೇಳಲಿಲ್ಲ." ಅವಳು ಅವನ ಕಡೆ ತಿರುಗಿ ಕೂತಳು. "ಇನ್ನೊಂದು ಅದ. ಕೇಳಾಕ ಕಠಿಣ ಅದ, ಆದ್ರೂ ಕೇಳ್ರಿ. ಧೂಳಮ್ಮನ ಮನ್ಯಾಗ ನೀವು ನೀರು ಹಾಕಾದು ಬಾಗಿಲದಾಗ ನಿಂತು ನೋಡಿದ್ದೆ. ನಾ ಮುಟ್ಟಿದ್ದಕ್ಕ ತೊಳಿಯಾಕತ್ತೀರಿ ಅಂತ ತಿಳಕೊಂಡೆ."

ಚಿಂಚೋಳಿ ಬಸ್ಸು ಬಂತು, ಹೋಯಿತು.

"ಇಷ್ಟು ದಿನ ಅದನ್ನ ಒಳಗಿಟ್ಟುಕೊಂಡು ತಿರಗ್ಯಾಡಿದ್ರಿ?"

"ಹೂಂ."

"ನೀವು ತಿಳಕೊಂಡಿದ್ದು ತಪ್ಪು ಅನ್ನಾಕ ನನ್ನ ಬಾಯಿ ಬರಂಗಿಲ್ರಿ. ನಮ್ಮ ಮಂದಿ ಹಂಗ ಮಾಡಿದ್ದು ನಾನೂ ನೋಡೀನಿ. ನಮ್ಮ ಮನ್ಯಾಗೇ ನೋಡೀನಿ." ಅವನ ದನಿ ಒಡೆಯಿತು. "ಆದ್ರ ನಾ ಹಂಗಿಲ್ರಿ. ನಿಮ್ಮ ಕೈ ಹತ್ತಿದ ಗಡಿಗಿ ಅಂತ... ಅದಕ್ಕೇ ಜರಾ ಜಾಸ್ತಿ ನೀರು ಹಾಕ್ತಿದ್ದೆ."

ಅವಳ ಕಣ್ಣು ತುಂಬಿದವು. ಇಷ್ಟು ಸಣ್ಣ ಮಾತಿಗಾಗಿ ಎಷ್ಟು ಬಿಸಿಲು ನಡೆದೆನಲ್ಲ ಎಂದುಕೊಂಡಳು.

"ನಡೀರಿ," ಎಂದು ಎದ್ದಳು. "ನೂರೀನ್ ಮೇಡಮ್‌ಗೆ ಹೇಳಿ ಬರೋಣ."

"ನಾನೊಬ್ಬನೇ ಹೇಳ್ತೀನ್ರಿ. ನಿಮಗ ಗೊತ್ತೇ ಇರಲಿಲ್ಲ ಅಂತೀನಿ. ಇಲ್ಲಾ... ಹೇಳದೇ ಇದ್ರ ಹ್ಯಾಂಗ? ಯಾರಿಗೂ ತಿಳಿಯಂಗಿಲ್ಲ."

ಆಸೆ ಅವಳಿಗೂ ಇರಲಿಲ್ಲವೆಂದಲ್ಲ. ಸುಮ್ಮನಿದ್ದರೆ ಡಾಕ್ಟರೇಟು ಕೈಗೆ ಬರುತ್ತಿತ್ತು, ಈ ಅಲೆದಾಟ ಮುಗಿಯುತ್ತಿತ್ತು. ರಾತ್ರಿಯಿಡೀ ಅವಳು ಅದನ್ನೇ ಯೋಚಿಸಿದ್ದಳು.

"ನನ್ನ ಮಾತು ನಂಬಿ ನಾಳಿ ಯಾರೋ ಇಂಥ ಗಡಿಗಿ ಮನಿ ಮನಿಗೆ ಹಂಚ್ತಾರ ಅಂತ ಇಟ್ಕೋರಿ. ಅಲ್ಲಿ ಮಧ್ಯಾಹ್ನ ನೀರು ಹಾಕಾಕ ಓಂಪ್ರಕಾಶ ಇರಂಗಿಲ್ಲ. ಕೆಟ್ಟ ಔಷಧ ಚುಚ್ಕೊಳ್ಳೋರು ನಮ್ಮವ್ವನಂಥೋರು, ಧೂಳಮ್ಮನಂಥೋರು."

ಅವನು ತಲೆ ತಗ್ಗಿಸಿದ. ಇಬ್ಬರೂ ಬಸ್ಸು ಹತ್ತಿದರು.

ನೂರೀನ್ ಮೇಡಮ್ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಬೈಯಲಿಲ್ಲ. ಒಂದು ಬೇಸಗೆ ಹೋಗಿತ್ತು, ಅವರದೂ ಹೋಗಿತ್ತು. ಕೊನೆಗೆ, "ಒಬ್ಬ ಮನುಷ್ಯ ತಪ್ಪದೆ ನೀರು ಹಾಕಿದ್ರ ಔಷಧ ಉಳೀತದ ಅಂತಾದ್ರೂ ಗೊತ್ತಾತು. ಅದನ್ನ ಹಂಗೇ ಬರಿ," ಎಂದರು. "ಉಳಿದದ್ದು ಮುಂದಿನ ಬ್ಯಾಸಗಿ. ಫೆಲೋಶಿಪ್ ಇರಂಗಿಲ್ಲ ಬೇಟಾ, ಅದು ನನ್ನ ಕೈಯಾಗಿಲ್ಲ. ಮಾಡ್ತಿ?"

"ಮಾಡ್ತೀನ್ರಿ. ಅಲ್ಲಿಮಟ ಹುಮನಾಬಾದದಾಗ ಎಲ್ಲೆರೆ ಪಾಠ ಹೇಳ್ತೀನಿ."

ಹೇಳಿದ್ದೇನೋ ಹೇಳಿದಳು. ಮೆಟ್ಟಿಲಿಳಿಯುವಾಗ ಅರ್ಧದಲ್ಲೇ ನಿಂತುಬಿಟ್ಟಳು. ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು, ಕೆಳಗಿಳಿದ ಮೇಲೂ ಬಿಡಲಿಲ್ಲ.

ಸಂಜೆಯ ಬಸ್ಸಿನಲ್ಲಿ ಕಿಟಕಿಯಿಂದ ಮೊದಲ ಸಲ ತಣ್ಣನೆಯ ಗಾಳಿ ಬಂತು. ಅವಳ ತೊಡೆಯ ಮೇಲಿದ್ದ ಸೀಸೆಯ ಡಬ್ಬಿಯನ್ನು ಅವನು ತನ್ನ ತೊಡೆಗೆ ಎತ್ತಿಕೊಂಡ.

"ಮುಂದಿನ ಬ್ಯಾಸಗ್ಯಾಗ ನಾ ನಿಮ್ಮ ಜೋಡಿ ಗಡಿಗಿ ನೋಡಾಕ ಬರಂಗಿಲ್ಲ ಮೇಡಮ್. ಒಣಗಿದ್ದು ಕಂಡ್ರ ನನ್ನ ಕೈ ನಿಲ್ಲಂಗಿಲ್ಲ."

"ಬರಬ್ಯಾಡ್ರಿ. ಓಂಪ್ರಕಾಶ, ಒಂದು ಕೇಳ್ಲೇನು? ಕೇಳಲಾರದೇ ಒಂದ್ಸಲ ಅತ್ತಿದ್ದು ಸಾಕಾಗ್ಯದ."

"ಕೇಳ್ರಿ."

"ನನ್ನ ಮದುವಿ ಆಗ್ತೀರೇನು?"

ಅವನು ಅವಳನ್ನೇ ನೋಡಿದ. ತಮಾಷೆಯೇನಾದರೂ ಇದೆಯೇ ಎಂದು ಹುಡುಕಿದ. ಅಲ್ಲಿದ್ದದ್ದು ದಣಿವು, ಮತ್ತು ತುಂಬಾ ಪ್ರೀತಿ.

"ನಮ್ಮ ಮನ್ಯಾಗ ದೊಡ್ಡ ಗದ್ಲ ಆಗ್ತದ."

"ಗೊತ್ತದ. ನಾ ಕೇಳಿದ್ದು ಅದಲ್ಲ."

"ಆಗ್ತೀನಿ." ಅವನ ದನಿ ಬಹಳ ಮೆಲ್ಲಗಿತ್ತು. "ಮನಸು ಯಾವಾಗೋ ಆಗ್ಯದ. ಹೇಳಾಕ ಬಾಯಿ ಇರಲಿಲ್ಲ, ರತ್ನಮಾಲಾ."

ಮೇಡಮ್ ಎನ್ನದೆ ಅವನು ಕರೆದ ಮೊದಲ ಸಲ ಅದು. ಅವಳು ಅವನ ಭುಜಕ್ಕೆ ತಲೆಯಾನಿಸಿದಳು. ವರ್ಷಗಳಿಂದ ಬಸ್ಸಿನಲ್ಲಿ ಡಬ್ಬಿ ಕಾಯುತ್ತ ಎಚ್ಚರವಿದ್ದ ಕಣ್ಣುಗಳು ತಾವಾಗಿಯೇ ಮುಚ್ಚಿದವು.

"ಹುಮನಾಬಾದ್ ಬಂದ್ರ ಎಬ್ಬಸ್ರಿ. ನಾ ದುಬಲಗುಂಡಿ ಬಸ್ ಹಿಡೀಬೇಕು."

"ಎಬ್ಬಸ್ತೀನಿ. ನಾನೂ ನಿಮ್ಮ ಜೋಡಿ ಬರ್ತೀನಿ. ಅವ್ವಗ ಕೇಳಬೇಕು."

"ಇವತ್ತೇ?"

"ಇವತ್ತೇ. ಈ ಸಲ ಮೊದಲು ಹೇಳಿ, ಆಮ್ಯಾಲ ಮಾಡ್ತೀನಿ."